ಹಕ್ಕಿ ನೋಡುವ ದಿಕ್ಕು

ಹಲ್ಲಿನ ಡಾಕ್ಟರಾಗಿ ನಿವೃತ್ತನಾದ ಮೇಲೂ ಅವನು ಬಾಯಿ ಬಿಡಿಸಿ ನೋಡುವ ಚಟ ಬಿಟ್ಟಿರಲಿಲ್ಲ. ಮನುಷ್ಯರ ಬಾಯಿಯ ಬದಲು ಈಗ ಬಂದೂಕಿನ ಬಾಯಿ, ಅಷ್ಟೇ. ಅದೇ ಪುಟ್ಟ ಕನ್ನಡಿ, ಅದೇ ಕೊಕ್ಕೆಯ ಕಡ್ಡಿ, ಹಣೆಗೆ ಕಟ್ಟಿಕೊಳ್ಳುವ ಅದೇ ದೀಪ. ಹಳೆಯ ಕಾಲದ ಸೈನ್ಯದ ಬಂದೂಕು ಎಂದು ಯಾರಾದರೂ ಏನನ್ನಾದರೂ ತಂದು ಮೇಜಿನ ಮೇಲಿಟ್ಟರೆ ಸಾಕು, ಊಟದ ಪರಿವೆ ಬಿಟ್ಟು ಅದರ ನಳಿಗೆಯೊಳಗೆ ಕಣ್ಣು ನೆಟ್ಟು ಕೂರುವನು. ಇದು ಅಸಲಿ, ಇದು ನಕಲಿ ಎಂದು ಅವನು ಒಮ್ಮೆ ಅಂದರೆ ಅದರ ಮೇಲೆ ಮಾತಿಲ್ಲ. ಹಾಗಾಗಿ ಬಂದೂಕು ಕೂಡಿಡುವ ಮಂದಿ ಅವನಿಗೆ ಒರೆಗಲ್ಲಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಡಾಕ್ಟ್ರೇ ಎನ್ನುವುದು, ಬೆನ್ನ ಹಿಂದೆ ಒರೆಗಲ್ಲಪ್ಪ. ಬೆನ್ನ ಹಿಂದಿನದೂ ಅವನ ಕಿವಿಗೆ ಬಿದ್ದಿತ್ತು. ಮೇಲೆ ಮುಖ ಗಂಟಿಕ್ಕಿಕೊಂಡರೂ ಒಳಗೊಳಗೇ ಹಿಗ್ಗಿದ್ದ.

ಅವನ ಮನೆಯ ಮಹಡಿ ಕೋಣೆಯಲ್ಲಿ ಗೋಡೆಗೆ ಒರಗಿಕೊಂಡು ಹತ್ತಿಪ್ಪತ್ತು ಬಂದೂಕುಗಳಿದ್ದವು. ಗಾಜಿನ ಪೆಟ್ಟಿಗೆಯ ಭಾಗ್ಯ ಮಾತ್ರ ಒಂದಕ್ಕೇ. ಅದು ಹಕ್ಕಿ ಬಂದೂಕು. ಎಂದೋ ಮುಚ್ಚಿಹೋದ ಸೈನ್ಯದ ಕಾರ್ಖಾನೆಯೊಂದರಲ್ಲಿ ತಯಾರಾದದ್ದು, ಬಾಯಿಂದ ಮದ್ದು ತುಂಬಿ ಹಾರಿಸುವ ಉದ್ದನೆಯ ಬಂದೂಕು. ಗುಂಡು ಹಾರಿಸುವ ಕೀಲುಗಳನ್ನು ಹೊತ್ತ ಉಕ್ಕಿನ ತಟ್ಟೆಯ ಮೇಲೆ ಹೆಬ್ಬೆರಳ ಉಗುರಿನಷ್ಟೇ ಇರುವ ಹಕ್ಕಿಯ ಮುದ್ರೆ. ಆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಕಾಗದಪತ್ರಗಳೂ ಬೂದಿಯಾಗಿದ್ದವು. ಅಲ್ಲಿಯ ಮಾಲು ಹೇಗಿರುತ್ತಿತ್ತು ಎಂದು ತಿಳಿಯಬೇಕಾದವರು ಒರೆಗಲ್ಲಪ್ಪನ ಮಹಡಿ ಹತ್ತಲೇಬೇಕಿತ್ತು.

ಅದನ್ನು ಅವನಿಗೆ ಕೊಟ್ಟದ್ದು ಈ ವಿದ್ಯೆ ಕಲಿಸಿದ ಮುದಿ ಗುರುಗಳು, ಹಳೆಯ ಸಾಮಾನುಗಳ ವ್ಯಾಪಾರಿ. ಕೊಡುವಾಗ ಒಂದು ಮಾತು ಹೇಳಿದ್ದರು: "ಇದರ ಒಂದು ಸ್ಕ್ರೂ ಕೂಡ ಇವತ್ತಿನವರೆಗೆ ಯಾರೂ ತಿರುಗಿಸಿಲ್ಲ. ನೀನೂ ತಿರುಗಿಸಬೇಡ." ಬಂದೂಕು ಕೂಡಿಡುವವರಿಗೆ ಈ ಮಾತಿನ ಬೆಲೆ ಗೊತ್ತು. ಸ್ಕ್ರೂ ತಲೆಯ ಮೇಲಿನ ಗೀರಿನಲ್ಲಿ ತಿರುಪುಳಿ ಒಮ್ಮೆ ಜಾರಿದರೆ ಆ ಗಾಯ ಶಾಶ್ವತ. ಗಾಯವಿಲ್ಲದ, ಯಾರೂ ಮುಟ್ಟದ ಸ್ಕ್ರೂ ಎಂದರೆ ಅವರು ಭಕ್ತಿಯಿಂದ ಧ್ವನಿ ತಗ್ಗಿಸುತ್ತಾರೆ. ಹೀಗಾಗಿ ಕಂಡಕಂಡವರ ಬಂದೂಕುಗಳನ್ನೆಲ್ಲ ಬಿಚ್ಚಿ ಕರುಳು ನೋಡಿದ ಒರೆಗಲ್ಲಪ್ಪ ತನ್ನದರ ಒಂದು ಸ್ಕ್ರೂವನ್ನೂ ಮುಟ್ಟಿರಲಿಲ್ಲ. ನೋಡಬಂದವರಿಗೆ ಭೂತಗನ್ನಡಿ ಕೊಟ್ಟು, "ಸ್ಕ್ರೂ ನೋಡಿ, ಸ್ಕ್ರೂ ನೋಡಿ" ಎಂದು ಬೀಗುತ್ತಿದ್ದ.

ಆ ಹಕ್ಕಿ ನಳಿಗೆಯ ತುದಿಯ ಕಡೆ ಮುಖ ಮಾಡಿತ್ತು. ಯಾಕೆ ಎಂದು ಅವನು ಬಹಳ ಯೋಚಿಸಿ, ಬಂದೂಕು ಕೂಡಿಡುವವರ ಕೂಟ ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಬರೆದಿದ್ದ: ಸೈನಿಕ ಗುರಿಯಿಟ್ಟಾಗ ಹಕ್ಕಿಯೂ ಶತ್ರುವಿನತ್ತ ನೋಡಬೇಕು, ಆ ಕಾರ್ಖಾನೆಯವರ ಮನಸ್ಸಿನಲ್ಲಿದ್ದದ್ದು ಇದೇ ಎಂದು. ಓದಿದವರು ತಲೆದೂಗಿದ್ದರು. ಅಲ್ಲಿಂದಾಚೆಗೆ ಹಕ್ಕಿ ಹಿಂದಕ್ಕೆ, ಅಂದರೆ ಮರದ ಹಿಡಿಯ ಕಡೆ ಮುಖ ಮಾಡಿದ ಬಂದೂಕು ಎಲ್ಲಾದರೂ ಕಂಡರೆ, ಅವನು ಕಡ್ಡಿ ಮುರಿದಂತೆ ನಕಲಿ ಎನ್ನುತ್ತಿದ್ದ. ಅಂಥವು ಐದಾರು ಬಂದಿದ್ದವು. ಅಷ್ಟೂ ಹಕ್ಕಿಗಳ ಕತ್ತು ಹಿಸುಕಿದ್ದ.

ಇಷ್ಟರಲ್ಲಿ ಸರ್ಕಾರದ ಹೊಸ ಆದೇಶ ಬಂತು. ಮನೆಯಲ್ಲಿ ಹಳೆಯ ಬಂದೂಕು ಇಟ್ಟುಕೊಂಡವರೆಲ್ಲ ತಂದು ತೋರಿಸಬೇಕು. ನಿಜವಾಗಿ ಪುರಾತನ ಎಂದು ಪರೀಕ್ಷಕರು ಬರೆದುಕೊಟ್ಟರೆ ಪತ್ರ ಸಿಗುತ್ತದೆ, ಮನೆಗೆ ಒಯ್ಯಬಹುದು. ಆಮೇಲಿನ ಕಾಲದ ನಕಲಿ ಎಂದಾದರೆ ಅಲ್ಲಿಯೇ ಬಿಟ್ಟು ಹೋಗಬೇಕು, ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಅದನ್ನು ತುಂಡು ಮಾಡುತ್ತಾರೆ. ಪರೀಕ್ಷಕ ಯಾರು ಎಂದು ಯಾರೂ ಕೇಳಲಿಲ್ಲ. ಒರೆಗಲ್ಲಪ್ಪ ಇರುವಾಗ ಇನ್ನೊಬ್ಬರ ಹೆಸರು ಎತ್ತುವ ಧೈರ್ಯ ಯಾರಿಗಿತ್ತು?

ಅವನ ಅಕ್ಕನ ಮನೆಯಲ್ಲೂ ಒಂದು ಬಂದೂಕು ಇತ್ತು. ಭಾವನದು. ಭಾವ ತೀರಿಹೋಗಿ ವರ್ಷ ದಾಟಿತ್ತು. ಜೀವಂತ ಇದ್ದಾಗ ಅವರನ್ನು ಕಂಡರೆ ಎಲ್ಲರಿಗೂ ಅಕ್ಕರೆ, ಅವರ ಮಾತಿಗೆ ಮಾತ್ರ ಯಾರೂ ಬೆಲೆ ಕೊಡುತ್ತಿರಲಿಲ್ಲ. ಅಷ್ಟು ಬುರುಡೆ ಬಿಡುತ್ತಿದ್ದರು. ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದರೂ, ದಾರಿಯಲ್ಲಿ ಆನೆ ಅಡ್ಡ ಬಂದ ಕಥೆ ಹೇಳಿ ಅಕ್ಕನ ಕೋಪ ಇಳಿಸುವ ಜಾತಿ. ನೆಂಟರಿಷ್ಟರಲ್ಲಿ ಅವರ ಹೆಸರೇ ಬುರುಡೆ ಭಾವ ಎಂದಾಗಿತ್ತು. ಆ ಬಂದೂಕನ್ನು ತನ್ನ ಮುತ್ತಜ್ಜನ ಅಜ್ಜ ಸೈನ್ಯದಲ್ಲಿದ್ದಾಗ ಹೆಗಲ ಮೇಲೆ ಹೊತ್ತದ್ದೆಂದೂ, ಯುದ್ಧ ಮುಗಿದ ಮೇಲೆ ಅದನ್ನು ಊರಿಕೊಂಡೇ ಕುಂಟುತ್ತಾ ಮನೆಗೆ ನಡೆದುಬಂದನೆಂದೂ ಅವರು ಹೇಳುತ್ತಿದ್ದರು. ಭಾಮೈದ ಮುಟ್ಟಲು ಹೋದರೆ, "ನಿನ್ನ ಕೈಗೆ ಕೊಟ್ರೆ ಬಿಚ್ಚಿ ಹರಡಿಬಿಡ್ತೀಯ, ಬೇಡಪ್ಪ" ಎಂದು ನಕ್ಕು, ಹಳೆಯ ಕಂಬಳಿಯಲ್ಲಿ ಸುತ್ತಿ ಕಪಾಟಿನ ಮೇಲೆ ಏರಿಸಿಬಿಡುತ್ತಿದ್ದರು.

ಆದೇಶ ಬಂದಾಗ ಒರೆಗಲ್ಲಪ್ಪನೇ ಅಕ್ಕನಿಗೆ ಹೇಳಿದ: "ತಗೊಂಡು ಬಾ ಅಕ್ಕ. ಇಲ್ದಿದ್ರೆ ನಾಳೆ ತೊಂದರೆ. ಬೇರೆ ಯಾರಾದ್ರೂ ನೋಡಲಿ ಅಂತ ಬೇಕಾದ್ರೆ ನಾನು ಪಕ್ಕಕ್ಕೆ ಸರೀತೀನಿ."

"ಬೇರೆಯವರು ಯಾಕೆ? ನೀನೇ ನೋಡು," ಎಂದಳು ಅಕ್ಕ. "ನೀನು ಹೇಳಿದ್ರೆ ನನಗೆ ಸಮಾಧಾನ. ಅವರ ಮಾತಿಗೆಲ್ಲ ಜನ ನಗ್ತಿದ್ರು. ಇದೊಂದಾದ್ರೂ ನಿಜ ಅಂತ ನಿನ್ನ ಬಾಯಲ್ಲಿ ಬರಲಿ."

ಹಾಗೆ ಅಕ್ಕ ಕಂಬಳಿಯ ಸುರುಳಿಯನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು ಕಚೇರಿಗೆ ಬಂದಳು. ಸರದಿಯಲ್ಲಿ ನಿಂತಳು. ತಮ್ಮ ಪರೀಕ್ಷಕನ ಕುರ್ಚಿಯಲ್ಲಿ ಕೂತಿದ್ದರೂ ಮುಂದೆ ಕರೆಯಲಿಲ್ಲ, ಅವಳೂ ಮುಂದೆ ಬರಲಿಲ್ಲ. ಇಬ್ಬರೂ ಒಂದೇ ಮನೆಯ ಮಕ್ಕಳು, ಒಂದೇ ಹಟ.

ಕಂಬಳಿ ಬಿಚ್ಚಿದಾಗ ಅದರ ಉದ್ದ, ಮೈಕಟ್ಟು ನೋಡಿದೊಡನೆ ಅವನಿಗೆ ಗುರುತು ಸಿಕ್ಕಿತು. ಹಕ್ಕಿ ಬಂದೂಕು! ಅವನು ದೀಪ ಹೊತ್ತಿಸಿಕೊಂಡ. ನಳಿಗೆಯನ್ನು ಮರದಿಂದ ಬಿಡಿಸಿದ. ಮರದೊಳಗಿನ ಕಾಲುವೆಯಲ್ಲಿ ಉಳಿಯ ಏಟುಗಳು, ಒಂದು ಆಳ, ಒಂದು ಮೇಲುಮೇಲೆ, ಕೈಯಿಂದ ಕೆತ್ತಿದ ಗುರುತು. ಸ್ಕ್ರೂಗಳು ಒಂದರ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಅದರದೇ ತೂತು, ಅದಲು ಬದಲು ಮಾಡಿದರೆ ಕೂರುವುದಿಲ್ಲ. ಮರ ಒಣಗಿ ಒಣಗಿ ಸೊರಗಿದ್ದರಿಂದ ಉಕ್ಕಿನ ತಟ್ಟೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಎಲ್ಲವೂ ಹಳೆಯ ಮಾತನ್ನೇ ಆಡುತ್ತಿತ್ತು. ಅಕ್ಕನ ಕಡೆ ನೋಡಿ ಹೌದೆನ್ನುವಷ್ಟರಲ್ಲಿ ಅವನ ಕಣ್ಣು ಮುದ್ರೆಯ ಮೇಲೆ ನಿಂತಿತು. ಹಕ್ಕಿ ಹಿಂದಕ್ಕೆ ನೋಡುತ್ತಿತ್ತು.

ಅವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹಿಂದಕ್ಕೇ. ಇನ್ನೊಬ್ಬರದಾಗಿದ್ದರೆ ಇಷ್ಟು ಹೊತ್ತು ಹಿಡಿಯುತ್ತಲೇ ಇರಲಿಲ್ಲ. ಅಕ್ಕನದೆಂದು ಕೈ ತಡೆಯಿತು. ಕೈ ತಡೆದದ್ದೇ ತಡ, ಅಕ್ಕ ಎಂಬ ಕಾರಣಕ್ಕೆ ಕೈ ತಡೆಯಬಾರದು ಎಂಬ ಇನ್ನೊಂದು ಬುದ್ಧಿ ಎದ್ದು ಕೂತಿತು. ನಾಳೆ ಜನ ಏನಂದಾರು? ಅಭಿಪ್ರಾಯ ಪತ್ರದಲ್ಲಿ ಬರೆದ: ಮುದ್ರೆ ತಪ್ಪು. ಉಳಿಯ ಗುರುತುಗಳು ಪಳಗಿದ ಕೈಯ ಅನುಕರಣೆ. ನಕಲಿ.

"ಸರಿಯಾಗಿ ನೋಡಿದ್ಯೇನೋ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ನೋಡಿದೆ ಅಕ್ಕ."

"ಮತ್ತೆ ಅವರು ಹೇಳಿದ್ದು?"

"ಭಾವ ಹೇಳಿದ್ರಲ್ಲಿ ಯಾವುದಕ್ಕೆ ತಲೆ ಬುಡ ಇತ್ತು ಅಕ್ಕ?" ಎಂದು ಅವನು ನಕ್ಕ. ವಾತಾವರಣ ಹಗುರಾಗಲಿ ಎಂದು ನಕ್ಕದ್ದು. ಅಕ್ಕ ನಗಲಿಲ್ಲ. ಕಂಬಳಿಯನ್ನು ನಾಲ್ಕಾಗಿ ಮಡಿಸಿ, ಕೈಚೀಲಕ್ಕೆ ಹಾಕಿಕೊಂಡು, ಬಂದೂಕಿನ ಕಡೆ ತಿರುಗಿಯೂ ನೋಡದೆ ಹೋದಳು.

ಅವತ್ತು ಅವನಿಗೆ ಬೇಸರವಾಗಿದ್ದು ನಿಜ. ಜೊತೆಗೆ ಹೆಮ್ಮೆಯೂ ಆಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಸ್ವಂತ ಅಕ್ಕನಿಗೂ ರಿಯಾಯಿತಿ ಕೊಡದ ಮನುಷ್ಯ ಎಂದು ಕೂಟದವರು ಆಡಿಕೊಂಡದ್ದು ಕೇಳಿ ಎರಡು ದಿನ ಎದೆ ಉಬ್ಬಿಸಿ ಓಡಾಡಿದ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಮಹಡಿ ಕೋಣೆಯ ಗಾಜಿನ ಪೆಟ್ಟಿಗೆ ಒರೆಸುವಾಗ, ತಳದಲ್ಲಿ ಹಿಟ್ಟಿನಂಥ ಪುಡಿ ಬಿದ್ದಿರುವುದು ಕಂಡಿತು. ಬೆರಳಿಗೆ ಹಚ್ಚಿಕೊಂಡು ಮೂಸಿದ. ಮರದ ಪುಡಿ. ಹಕ್ಕಿ ಬಂದೂಕಿನ ಹಿಡಿಗೆ ಹುಳ ಹಿಡಿದಿತ್ತು. ಹುಳ ಒಳಗಿನಿಂದ ತಿನ್ನುತ್ತದೆ. ನಳಿಗೆ ಎತ್ತಿ ಕಾಲುವೆಗೆ ಔಷಧಿ ಹಚ್ಚದಿದ್ದರೆ ಆರು ತಿಂಗಳಲ್ಲಿ ಮರ ಜರಡಿಯಾಗುತ್ತದೆ. ನಳಿಗೆ ಎತ್ತಬೇಕಾದರೆ ಸ್ಕ್ರೂ ತಿರುಗಿಸಬೇಕು. ಬಾಯಲ್ಲಿ ಒಂದೂ ಹಲ್ಲು ಹುಳುಕಿಲ್ಲದವರ ಹಲ್ಲು ಕೀಳಬೇಕಾಗಿ ಬಂದಾಗಲೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ. ಕೊನೆಗೆ ಗೀರಿಗೆ ಸರಿಯಾಗಿ ಮಸೆದು ಹದ ಮಾಡಿದ ತಿರುಪುಳಿ ತೆಗೆದುಕೊಂಡು, ಉಸಿರು ಬಿಗಿಹಿಡಿದು ಮೊದಲ ಸ್ಕ್ರೂ ತಿರುಗಿಸಿದ.

ಅದು ಬೆಣ್ಣೆಯ ಹಾಗೆ ಸಲೀಸಾಗಿ ಬಂತು.

ಅಷ್ಟು ಹಳೆಯ ಸ್ಕ್ರೂ ಹಾಗೆ ಬರುವುದಿಲ್ಲ, ಕಿರುಗುಟ್ಟುತ್ತದೆ, ಹಟ ಮಾಡುತ್ತದೆ. ದೀಪದ ಕೆಳಗೆ ಹಿಡಿದು ನೋಡಿದ. ಅದರ ಮೈಮೇಲಿನ ಸುತ್ತುಗೆರೆಗಳು ಒಂದೇ ಸಮ, ಅಂಗಡಿಯಲ್ಲಿ ಡಬ್ಬಿಯಿಂದ ಎಣಿಸಿ ಕೊಡುವ ಸ್ಕ್ರೂಗಳ ಹಾಗೆ. ಎರಡನೆಯದನ್ನು ತೆಗೆದು ಮೊದಲನೆಯದರ ತೂತಿಗೆ ಹಾಕಿದ. ಸರಿಯಾಗಿ ಕೂತಿತು. ಮೂರನೆಯದೂ ಕೂತಿತು. ನಳಿಗೆಯನ್ನು ಎತ್ತಿದಾಗ ಮರದ ಕಾಲುವೆಯಲ್ಲಿ ಉಳಿಯ ಏಟು ಒಂದೂ ಇರಲಿಲ್ಲ. ಕರೆಂಟಿನ ಯಂತ್ರದ ಕತ್ತಿ ಸುತ್ತಿ ಸುತ್ತಿ ಹೋದ ದುಂಡನೆಯ ಗೆರೆಗಳು, ಸಾಲಾಗಿ, ಅಂದವಾಗಿ. ಒಳಗನ್ನು ಯಾರೂ ನೋಡುವುದಿಲ್ಲ ಎಂದು ಮಾಡಿದವನಿಗೆ ಚೆನ್ನಾಗಿ ಗೊತ್ತಿತ್ತು. ಸ್ಕ್ರೂ ಮುಟ್ಟಬೇಡಿ ಎಂದು ಒಂದು ಮಾತು ಹೇಳಿಬಿಟ್ಟರೆ ಈ ಮಂದಿ ಕೈಕಟ್ಟಿ ನಿಲ್ಲುತ್ತಾರೆ ಎಂಬುದೂ ಗೊತ್ತಿತ್ತು. ಆ ಮಾಡಿದವನು ಯಾರೋ, ಗುರುಗಳಿಗೆ ಇದು ಗೊತ್ತಿತ್ತೋ, ಗುರುಗಳೂ ಮೋಸ ಹೋಗಿದ್ದರೋ, ಕೇಳೋಣವೆಂದರೆ ಅವರು ಹೋಗಿ ಎಷ್ಟೋ ವರ್ಷವಾಗಿತ್ತು.

ಹಾಗಾದರೆ ಹಕ್ಕಿ? ಅವನು ತಟ್ಟೆಯನ್ನು ಕೈಯಲ್ಲಿ ಹಿಡಿದು ಕೂತ. ಕೂತಿದ್ದಂತೆ ಹೊಳೆಯಿತು. ಮುದ್ರೆ ಹಾಕುವ ಅಚ್ಚನ್ನು ಕೆತ್ತುವಾಗ ಹಕ್ಕಿಯನ್ನು ತಿರುಗುಮುರುಗಾಗಿ ಕೆತ್ತಬೇಕು. ಬಲಕ್ಕೆ ನೋಡುವ ಹಕ್ಕಿ ಬೇಕಾದರೆ ಅಚ್ಚಿನಲ್ಲಿ ಎಡಕ್ಕೆ ನೋಡಬೇಕು. ಇದನ್ನು ಮರೆಯುವುದು ಹೊಸದಾಗಿ ಅಚ್ಚು ಕೆತ್ತುವವರೆಲ್ಲ ಮಾಡುವ ತಪ್ಪು. ನಕಲಿ ಮಾಡಿದವನು ಅಸಲಿ ಹಕ್ಕಿಯನ್ನು ಎದುರಿಗಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ ಕೆತ್ತಿದ್ದ. ಸುತ್ತಿಗೆಯಿಂದ ಹೊಡೆದಾಗ ಹಕ್ಕಿ ತಿರುಗಿ ಕೂತಿತ್ತು. ಅಸಲಿ ಹಕ್ಕಿ ನೋಡುತ್ತಿದ್ದದ್ದು ಹಿಂದಕ್ಕೆ. ಅಕ್ಕನ ಬಂದೂಕಿನ ಹಕ್ಕಿಯ ಹಾಗೆ.

ಶತ್ರುವಿನತ್ತ ನೋಡುವ ಹಕ್ಕಿಯಂತೆ! ಎಂಥ ದೊಡ್ಡ ದೊಡ್ಡ ಮಾತು ಬರೆದಿದ್ದೆ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಮರುಕ್ಷಣವೇ ನೆನಪಾಯಿತು: ಈ ವಾರ ಶೆಡ್ಡಿನಲ್ಲಿ ಕತ್ತರಿಸುವ ಕೆಲಸ ಶುರು ಎಂದು ಅಧಿಕಾರಿ ಹೇಳಿದ್ದರು. ಬಿಚ್ಚಿದ ಬಂದೂಕನ್ನು ಹೊದಿಕೆಯಲ್ಲಿ ಸುತ್ತಿಕೊಂಡು, ಚಪ್ಪಲಿ ಅದಲುಬದಲಾದದ್ದೂ ಗೊತ್ತಾಗದೆ ಅವನು ಆಟೋ ಹತ್ತಿದ.

ಆಯುಧ ಶಾಖೆಯ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೃದು. ಅವನನ್ನು ಕಂಡು ಎದ್ದು ನಿಂತರು, ಕುರ್ಚಿ ಎಳೆದು ಕೊಟ್ಟರು, ನೀರು ತರಿಸಿದರು. ಅವನು ಮೇಜಿನ ಮೇಲೆ ಬಂದೂಕಿನ ತುಂಡುಗಳನ್ನು ಹರಡಿ, ಸ್ಕ್ರೂ, ಗೆರೆ, ಅಚ್ಚು, ಹಕ್ಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ಅಂದ್ರೆ ಇದು ನಕಲಿ ಅಂತೀರಾ ಡಾಕ್ಟ್ರೇ?"

"ನಕಲಿ. ಅಪ್ಪಟ ನಕಲಿ."

"ಇದು ನಕಲಿ ಆದ ಮಾತ್ರಕ್ಕೆ ನಿಮ್ಮ ಅಕ್ಕನವರದು ಅಸಲಿ ಹೇಗಾಗುತ್ತೆ?"

"ಅದರಲ್ಲಿ ಉಳಿ ಗುರುತು ಇದೆಯಮ್ಮ! ಕೈಯಲ್ಲಿ ಕೆತ್ತಿದ್ದು!"

ಅಧಿಕಾರಿ ಕಡತ ತೆಗೆದು, ಹಾಳೆ ಮಗುಚಿ, ಅವನ ಕಡೆ ತಿರುಗಿಸಿದರು. "ಅದರ ಬಗ್ಗೆ ನೀವೇ ಬರೆದಿದ್ದೀರಲ್ಲ. ಪಳಗಿದ ಕೈಯ ಅನುಕರಣೆ ಅಂತ. ನಿಮ್ಮದೇ ಅಕ್ಷರ, ನಿಮ್ಮದೇ ಸಹಿ."

"ಬರೆದದ್ದು ತಪ್ಪು."

"ನೀವು ತಪ್ಪು ಬರೀತೀರಾ?" ಎಂದು ಅವರು ನಕ್ಕರು. ಅಣಕವಲ್ಲ, ನಿಜವಾದ ಗೌರವದ ನಗು. ಅವನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. "ಡಾಕ್ಟ್ರೇ, ನನಗೂ ಒಬ್ಬ ತಮ್ಮ ಇದ್ದಾನೆ. ನನಗೋಸ್ಕರ ಅವನು ಇದರ ಅರ್ಧ ಓಡಾಡಿದ್ರೂ ಸಾಕಿತ್ತು. ಅಕ್ಕ ಬೇಜಾರು ಮಾಡಿಕೊಂಡಿದ್ದಾರೆ, ನಿಮಗೆ ತಡ್ಕೊಳ್ಳೋಕೆ ಆಗ್ತಿಲ್ಲ. ನನಗೆ ಅರ್ಥ ಆಗುತ್ತೆ. ಆದ್ರೆ ಒಂದು ಸಲ ನಕಲಿ ಅಂತ ದಾಖಲಾದ್ಮೇಲೆ ಅದನ್ನ ಬದಲಾಯಿಸಬೇಕಾದ್ರೆ ಇನ್ನೊಬ್ಬ ಪರೀಕ್ಷಕರು ಹೇಳಬೇಕು."

"ಹೇಳಿಸಿ! ಯಾರಾದ್ರೂ ಸರಿ, ಹೇಳಿಸಿ!"

ಯಾರಾದರೂ ಎಂದರೆ ಊರಿನಲ್ಲಿ ಉಳಿದದ್ದು ಒಬ್ಬನೇ, ಅವನ ಶಿಷ್ಯನಾದ ವಕೀಲ. ಅಧಿಕಾರಿ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ವಕೀಲ ವಿಷಯ ಪೂರ್ತಿ ಕೇಳುವ ಮೊದಲೇ ಶುರುಮಾಡಿದ: "ಹಕ್ಕಿ ಯಾವ ಕಡೆ ನೋಡುತ್ತೆ ಮೇಡಂ? ಹಿಂದಕ್ಕಾ? ಹಾಗಾದ್ರೆ ನಕಲಿ, ಬಿಡಿ. ನಮ್ಮ ಡಾಕ್ಟ್ರ ಪುಸ್ತಿಕೆಯಲ್ಲೇ ಇದೆ, ಫೋಟೋ ಸಮೇತ."

"ಲೋ, ನಾನೇ ಕಣೋ ಮಾತಾಡ್ತಿರೋದು!" ಎಂದು ಒರೆಗಲ್ಲಪ್ಪ ಫೋನಿಗೆ ಕೂಗಿದ. "ಆ ಪುಸ್ತಿಕೆ ತಪ್ಪು! ಒಲೆಗೆ ಹಾಕು ಅದನ್ನ!"

ಆ ಕಡೆ ವಕೀಲನ ಧ್ವನಿ ತಗ್ಗಿತು, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. "ಡಾಕ್ಟ್ರೇ, ಅಕ್ಕಾವ್ರ ವಿಷಯ ನನಗೂ ಗೊತ್ತಾಯ್ತು. ಮನಸ್ಸಿಗೆ ಹಚ್ಕೋಬೇಡಿ. ಅವತ್ತು ನೀವು ಮಾಡಿದ್ದೇ ಸರಿ, ನಾವೆಲ್ಲ ಅದನ್ನೇ ಮಾತಾಡ್ಕೊಂಡ್ವಿ. ಈಗ ಹೋಗಿ ಸ್ವಲ್ಪ ಮಲಗಿ. ಸಾಯಂಕಾಲ ನಾನು ಮನೆ ಹತ್ರ ಬರ್ತೀನಿ."

ಅವನು ಏನೇ ಹೇಳಿದರೂ ಅದು ಅಕ್ಕನ ಮೇಲಿನ ಮಮಕಾರವಾಗಿಬಿಡುತ್ತಿತ್ತು. ಇಷ್ಟು ವರ್ಷ ಇಟ್ಟಿಗೆ ಇಟ್ಟಿಗೆ ಪೇರಿಸಿ ಕಟ್ಟಿದ ಹೆಸರು ಈಗ ಅವನ ಎದುರಿಗೇ ಗೋಡೆಯಾಗಿ ನಿಂತಿತ್ತು. ಒರೆಗಲ್ಲಪ್ಪ ಹೇಳಿದ ಮೇಲೆ ಮುಗಿಯಿತು ಎಂದು ಜನ ನಂಬಿದ್ದರು. ಒರೆಗಲ್ಲಪ್ಪನೇ ಬಂದು ಇನ್ನೂ ಮುಗಿದಿಲ್ಲ ಎಂದರೆ ಅವನ ಮಾತೂ ನಡೆಯುವಂತಿರಲಿಲ್ಲ.

"ಒಂದು ಅರ್ಜಿ ಬರೆದುಕೊಡಿ," ಎಂದರು ಅಧಿಕಾರಿ. "ಇವತ್ತೇ ಮೇಲಿನವರಿಗೆ ಕಳಿಸ್ತೀನಿ. ಅವರು ನಿಲ್ಲಿಸಿ ಅಂದ್ರೆ ಆ ಕ್ಷಣ ನಿಲ್ಲಿಸ್ತೀನಿ. ನಾನಾಗಿ ನಿಲ್ಲಿಸೋ ಅಧಿಕಾರ ನನಗಿಲ್ಲ ಡಾಕ್ಟ್ರೇ, ಇದ್ದಿದ್ರೆ ನಿಮಗಿಂತ ಹೆಚ್ಚಾ?" ಆಮೇಲೆ ಸ್ವಲ್ಪ ಸಂಕೋಚದಿಂದ ಮೇಜಿನ ಮೇಲಿನ ತುಂಡುಗಳ ಕಡೆ ಕೈ ತೋರಿಸಿದರು. "ಇನ್ನೊಂದು ವಿಷಯ. ಇದು ನಕಲಿ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಇದನ್ನ ವಾಪಸ್ ಕೊಡೋಕೆ ಬರಲ್ಲ. ಇಲ್ಲೇ ಬಿಟ್ಟು ಹೋಗಬೇಕಾಗುತ್ತೆ."

ಈ ಮಾತನ್ನು ಮಾತ್ರ ಅವರು ಚಾಚೂ ತಪ್ಪದೆ ನಂಬಿದ್ದರು. ಬೇರೆ ಸಮಯವಾಗಿದ್ದರೆ ಒರೆಗಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಈಗ ಗಾಜಿನ ಪೆಟ್ಟಿಗೆಯ ದೇವರನ್ನು ಅಲ್ಲಿಯೇ ಬಿಟ್ಟು, ಅವರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಅರ್ಜಿ ಬರೆಯಲು ಕೂತರೆ ಹೊರಗೆ, ಕಟ್ಟಡದ ಹಿಂಬದಿಯಿಂದ, ಲೋಹ ಕುಯ್ಯುವ ಸದ್ದು ಕೇಳಿಸಿತು. ಪೆನ್ನು ಕೆಳಗಿಟ್ಟು ಎದ್ದ.

ಶೆಡ್ಡು ತಗಡಿನದು. ಒಂದು ಮೂಲೆಯಲ್ಲಿ ಕತ್ತರಿಸಬೇಕಾದವನ್ನು ಒಲೆಯ ಸೌದೆಯ ಹಾಗೆ ಒಟ್ಟಿದ್ದರು, ಇನ್ನೊಂದು ಮೂಲೆಯಲ್ಲಿ ಕತ್ತರಿಸಿ ಆದವುಗಳ ತಗಡಿನ ತೊಟ್ಟಿ. ದಪ್ಪ ಕನ್ನಡಕ ಹಾಕಿದ ಕೆಲಸಗಾರ ಯಂತ್ರ ನಿಲ್ಲಿಸಿ, ಏನು ಎಂಬಂತೆ ನೋಡಿದ. ಒರೆಗಲ್ಲಪ್ಪ ಒಟ್ಟಿಲಿನಲ್ಲಿ ಹುಡುಕಿದ. ಒಂದೊಂದೇ ಬಂದೂಕನ್ನು ಎತ್ತಿ ಪಕ್ಕಕ್ಕಿಟ್ಟ. ಇರಲಿಲ್ಲ. ಆಮೇಲೆ ತೊಟ್ಟಿಯ ಕಡೆ ತಿರುಗಿದ. ಅದರೊಳಗೆ ಬಗ್ಗಿ ನೋಡಿದ.

ಮೇಲೆಯೇ ಇತ್ತು. ಹಕ್ಕಿಯಿದ್ದ ತಟ್ಟೆ ಎರಡು ಹೋಳಾಗಿತ್ತು. ನಳಿಗೆ ನಾಲ್ಕು ತುಂಡು. ಇನ್ನೂ ಬೆಚ್ಚಗಿತ್ತು.

"ಈಗ ತಾನೇ ಆಯ್ತು ಸಾರ್," ಎಂದ ಕೆಲಸಗಾರ. "ಯಾಕೆ, ಬೇಕಿತ್ತಾ?"

ಒರೆಗಲ್ಲಪ್ಪ ನಳಿಗೆಯ ಒಂದು ತುಂಡನ್ನು ಬೆಳಕಿಗೆ ಹಿಡಿದ. ಕುಯ್ದ ಮುಖ ಹೊಳೆಯುತ್ತಿತ್ತು. ಅದರಲ್ಲಿ, ಮರದ ಕೊರಡಿನಲ್ಲಿ ಕಾಣುವಂತೆ, ಸಣ್ಣ ಸಣ್ಣ ಎಳೆಗಳು ಸುತ್ತಿಕೊಂಡಿದ್ದವು. ಒಂದು ಕಡೆ ಕೂದಲಿನಷ್ಟು ತೆಳ್ಳಗಿನ ಗೆರೆ, ಹೊರಗಿನಿಂದ ಒಳಗಿನವರೆಗೆ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಸರಳಿಗೆ ಸುತ್ತಿ, ಬಡಿದು ಬಡಿದು ಅಂಚಿಗೆ ಅಂಚು ಬೆಸೆದ ಜಾಗ ಅದು. ಆ ಕಾಲದ ಕಮ್ಮಾರರಲ್ಲದೆ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಯಾವ ನಕಲಿಯವನೂ ಅಷ್ಟು ಕಷ್ಟಪಡುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಲೋಕದಲ್ಲಿಲ್ಲ. ಇದನ್ನು ನೋಡಬೇಕಾದರೆ ನಳಿಗೆಯನ್ನು ಕುಯ್ಯಲೇಬೇಕು.

"ಇದೊಂದು ತುಂಡು ಕೊಡಪ್ಪ. ನಮ್ಮ ಅಕ್ಕನಿಗೆ ತೋರಿಸಬೇಕು."

"ಅಯ್ಯೋ, ಆಗಲ್ಲ ಸಾರ್. ಎಲ್ಲ ತೂಕ ಹಾಕಿ ಕುಲುಮೆಗೆ ಕಳಿಸ್ತಾರೆ. ಒಂದು ಚೂರು ಕಮ್ಮಿ ಬಂದ್ರೂ ನನ್ನ ತಲೆಗೆ ಬರುತ್ತೆ." ಕೆಲಸಗಾರ ಅವನ ಕೈಯಿಂದ ತುಂಡನ್ನು ನಿಧಾನವಾಗಿ ಬಿಡಿಸಿ ತೊಟ್ಟಿಗೆ ಹಾಕಿದ. "ಕೂತ್ಕೊಳ್ಳಿ ಸಾರ್, ಮುಖ ಬಿಳಿಚಿಕೊಂಡಿದೆ."

ಅವನು ಕೂರಲಿಲ್ಲ. ನಡೆದುಕೊಂಡೇ ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಜೋಡಿಸಿಕೊಂಡ, ಮತ್ತೆ ಕೆಡವಿದ. ಬಂದೂಕು ಹೋಯಿತು, ಅದನ್ನು ಇನ್ನು ತರಲಾಗದು. ಆದರೆ ಭಾವನ ಮಾತು ನಿಜವೆಂದು ಅಕ್ಕನಿಗೆ ಗೊತ್ತಾಗಬೇಕಲ್ಲ. ಅದೊಂದನ್ನಾದರೂ ಅವಳಿಗೆ ತಲುಪಿಸಿಬಿಟ್ಟರೆ ಆಮೇಲೆ ಅವಳು ಬೈಯಲಿ, ಬಾಗಿಲು ಹಾಕಿಕೊಳ್ಳಲಿ, ಏನು ಬೇಕಾದರೂ ಮಾಡಲಿ ಎಂದುಕೊಂಡ.

ಅಕ್ಕ ಬಾಗಿಲು ತೆರೆದಳು. ಒಲೆಯ ಮೇಲೆ ಏನೋ ಇಟ್ಟಿದ್ದಳು, ಕೈ ಒದ್ದೆಯಿತ್ತು. ಹಜಾರದ ಗೋಡೆಯಲ್ಲಿ ಭಾವನ ಫೋಟೋ ಇದ್ದ ಜಾಗದಲ್ಲಿ ಬರೀ ಮೊಳೆ ಇತ್ತು. ಅವನು ಅದನ್ನೇ ನೋಡುತ್ತಿರುವುದು ಕಂಡು, "ಒಳಗೆ ಇಟ್ಟಿದ್ದೀನಿ," ಎಂದಳು. "ಮುಖ ನೋಡಿದ್ರೆ ಜಗಳ ತೆಗೆಯೋ ಹಾಗಾಗುತ್ತೆ. ಸತ್ತವರ ಜೊತೆ ಏನು ಜಗಳ? ಇಷ್ಟು ವರ್ಷ ಅವರ ಎಲ್ಲ ಬುರುಡೆಗೂ ನಕ್ಕೆ ಕಣೋ. ಇದೊಂದನ್ನ ಮಾತ್ರ ಮದುವೆಯಾದ ಹೊಸತರಲ್ಲಿ ಆಣೆ ಮಾಡಿ ಹೇಳಿದ್ರು, ಇದು ಬುರುಡೆಯಲ್ಲ ಅಂತ. ನಾನು ನಂಬಿದ್ದೆ. ಆಣೆ ಮಾಡಿಯೂ ಸುಳ್ಳು ಹೇಳಿದ್ರಲ್ಲ, ಅದೇ ತಡ್ಕೊಳ್ಳೋಕೆ ಆಗ್ತಿಲ್ಲ."

"ಅಕ್ಕ, ಭಾವ ಹೇಳಿದ್ದು ನಿಜ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅವನ ಮುಖ ನೋಡಿದಳು. "ಬಂದೂಕು ವಾಪಸ್ ಕೊಟ್ರಾ?"

"ಇಲ್ಲ ಅಕ್ಕ. ಕತ್ತರಿಸಿಬಿಟ್ಟಿದ್ರು. ನಾನು ಹೋಗೋ ಹೊತ್ತಿಗೆ."

"ಕತ್ತರಿಸಿದ ಮೇಲೆ ಅಸಲಿ ಆಯ್ತಾ?"

ಅವನು ಕುರ್ಚಿಯ ಅಂಚಿನಲ್ಲಿ ಕೂತು ಹೇಳತೊಡಗಿದ. ತನ್ನ ಬಂದೂಕಿಗೆ ಹುಳ ಹಿಡಿದದ್ದು, ಸ್ಕ್ರೂ ಬೆಣ್ಣೆಯ ಹಾಗೆ ಬಂದದ್ದು, ಅಚ್ಚಿನಲ್ಲಿ ಹಕ್ಕಿ ತಿರುಗಿ ಕೂತದ್ದು, ಕುಯ್ದ ಕಬ್ಬಿಣದಲ್ಲಿ ಎಳೆ ಕಂಡದ್ದು. ಹೇಳುತ್ತಾ ಹೋದಂತೆ ಅವನಿಗೇ ಕೇಳಿಸಿತು, ಇದೆಲ್ಲ ಎಷ್ಟು ಚೆಂದದ ಕಥೆಯಾಗಿ ಕೂಡಿಬರುತ್ತಿದೆ ಎಂದು. ತೋರಿಸಲು ಕೈಯಲ್ಲಿ ಒಂದು ಚೂರು ಕಬ್ಬಿಣವೂ ಇಲ್ಲ. ಹಕ್ಕಿ, ಹುಳ, ಕಮ್ಮಾರ, ಕುಲುಮೆ ಎಂದು ಕೈ ಆಡಿಸುತ್ತಾ ಕೂತಿದ್ದಾನೆ. ಅಕ್ಕ ಬಾಗಿಲಿಗೆ ಒರಗಿ, ತಲೆ ಸ್ವಲ್ಪ ವಾರೆ ಮಾಡಿ, ಕೊನೆಯವರೆಗೂ ಕೇಳಿದಳು. ಬಸ್ಸು ತಪ್ಪಿಸಿಕೊಂಡ ಗಂಡನ ಮಾತನ್ನು ಹೀಗೇ ಕೇಳುತ್ತಿದ್ದಳು.

ಕೇಳಿ ಮುಗಿದ ಮೇಲೆ ಅವಳ ಮುಖದಲ್ಲಿ ಒಂದು ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು.

"ಅವರೂ ಹೀಗೇ ಕಣೋ," ಎಂದಳು. "ನನ್ನ ಮುಖ ಬಾಡಿದ್ದು ಕಂಡ್ರೆ ಸಾಕು, ಏನಾದ್ರೂ ಒಂದು ಕಟ್ಟಿ ಹೇಳೋರು. ನಿನಗೂ ಬಂತಲ್ಲ ಈ ವಿದ್ಯೆ."

"ಅಕ್ಕ, ಕಟ್ಟಿ ಹೇಳ್ತಿಲ್ಲ. ಕಣ್ಣಾರೆ ನೋಡಿದೆ."

"ನೀನು ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದವನಲ್ಲ. ಹೇಳೋಕೂ ಬರಲ್ಲ, ನೋಡು, ಹೇಗೆ ಬೆವರ್ತಿದ್ದೀಯ." ಅಕ್ಕ ಹತ್ತಿರ ಬಂದು, ಒದ್ದೆ ಸೆರಗಿನಿಂದ ಅವನ ಹಣೆ ಒರೆಸಿದಳು. "ನನಗೋಸ್ಕರ ಹೇಳಿದೆಯಲ್ಲ, ಅಷ್ಟು ಸಾಕು. ಇನ್ನು ಆ ಮಾತು ಬೇಡ."

ಅವನ ಕಣ್ಣಲ್ಲಿ ನೀರು ಬಂತು. ಅಕ್ಕ ಅದಕ್ಕೂ ತನ್ನದೇ ಅರ್ಥ ಮಾಡಿಕೊಂಡು ಅವನ ಬೆನ್ನು ತಟ್ಟಿದಳು.

"ನಿಜ ಅಕ್ಕ," ಎಂದ.

"ಆಯ್ತು, ನಿಜ," ಎಂದಳು ಅಕ್ಕ, ಮಗುವಿಗೆ ಹೇಳುವ ಹಾಗೆ, ಮತ್ತು ಒಲೆ ಆರಿಸಲು ಒಳಗೆ ಹೋದಳು.